ಉಪ್ಪುನೀರಿನ ಅಕ್ವೇರಿಯಂನಲ್ಲಿ ನೈಟ್ರೇಟ್ ಇಳಿಸಲು ಆಳದ ಮರಳಹಾಸಿನ ರೆಫ್ಯೂಜಿಯಂ: ಕಟ್ಟುವುದರಿಂದ ಕಾಪಾಡುವವರೆಗೆ

ನೀರು ಬದಲಿಸಿ ಬದಲಿಸಿ ಕೈ ಸೋತರೂ ನೈಟ್ರೇಟ್ ಜಗ್ಗುತ್ತಿಲ್ಲ ಎನ್ನುವವರು ಮೊದಲು ಒಂದು ಸಣ್ಣ ಲೆಕ್ಕ ಹಾಕಿ ನೋಡಬೇಕು. ನಿಮ್ಮ ಟ್ಯಾಂಕಿನಲ್ಲಿ ದಿನಕ್ಕೆ ಅರ್ಧ ಪಿಪಿಎಂ (ಲೀಟರಿಗೆ ಅರ್ಧ ಮಿಲಿಗ್ರಾಂ) ನೈಟ್ರೇಟ್ ಹುಟ್ಟುತ್ತದೆ ಎಂದಿಟ್ಟುಕೊಳ್ಳಿ. ಎರಡು ವಾರಕ್ಕೆ 7 ಪಿಪಿಎಂ ಆಯಿತು. ಎರಡು ವಾರಕ್ಕೊಮ್ಮೆ ತಪ್ಪದೆ 20% ನೀರು ಬದಲಿಸುತ್ತೀರಿ. ಈ ಲೆಕ್ಕ ಕೊನೆಗೆ ಬಂದು ನಿಲ್ಲುವುದು ಬದಲಿಸುವ ಮುನ್ನ 35, ಬದಲಿಸಿದ ಮೇಲೆ 28 ಎಂಬಲ್ಲಿ. ಎಷ್ಟು ವರ್ಷ ಹೀಗೇ ಮಾಡಿದರೂ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. 10 ದಾಟದಂತೆ ಹಿಡಿದಿಡಬೇಕೆಂದರೆ ಪ್ರತಿ ಸಲ 70% ನೀರು ಚೆಲ್ಲಬೇಕು. ಅಷ್ಟು ಬದಲಾವಣೆಯನ್ನು ಹವಳಗಳು ತಾಳುವುದಿಲ್ಲ, ಮಾಡುವವರ ಬೆನ್ನೂ ತಾಳುವುದಿಲ್ಲ.

ಹಾಗಾಗಿ ನೈಟ್ರೇಟ್ ಹುಟ್ಟಿದಷ್ಟೇ ವೇಗದಲ್ಲಿ ಅದನ್ನು ಟ್ಯಾಂಕಿನೊಳಗೇ ಕರಗಿಸುವ ವ್ಯವಸ್ಥೆ ಬೇಕು. ಅಂಥ ವ್ಯವಸ್ಥೆಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಡೀಪ್ ಸ್ಯಾಂಡ್ ಬೆಡ್ ಇರುವ ರೆಫ್ಯೂಜಿಯಂ ಮೇಲೆ. ಅಂದರೆ ಮುಖ್ಯ ಟ್ಯಾಂಕಿಗೆ ಜೋಡಿಸಿದ ಪ್ರತ್ಯೇಕ ಕೋಣೆ, ಅದರ ತಳದಲ್ಲಿ ಆಳವಾದ ಮರಳಹಾಸು, ಮೇಲೆ ದೊಡ್ಡ ಜಾತಿಯ ಕಡಲ ಪಾಚಿ. ಇದಕ್ಕೆ ವಿದ್ಯುತ್ ಖರ್ಚು ಕಡಿಮೆ, ದಿನದಿನ ದ್ರಾವಣ ಅಳೆದು ಹಾಕುವ (ಡೋಸಿಂಗ್) ಗೊಡವೆಯಿಲ್ಲ. ಆದರೆ ಇದು ಸ್ವಿಚ್ ಒತ್ತಿದೊಡನೆ ಕೆಲಸ ಶುರುಮಾಡುವ ಉಪಕರಣವಲ್ಲ. ಜೀವಿಗಳು ಬೆಳೆದು ನೆಲೆಯಾಗಲು ತಿಂಗಳುಗಳು ಹಿಡಿಯುತ್ತವೆ. ಅಷ್ಟು ಕಾಯುವ ಮನಸ್ಸಿದ್ದರೆ ಮುಂದೆ ಓದಿ.

ಮರಳಿನೊಳಗೆ ನಡೆಯುವುದೇನು

ಮೀನಿನ ತ್ಯಾಜ್ಯ ಮತ್ತು ಉಳಿದ ಆಹಾರ ಕೊಳೆತಾಗ ಅಮೋನಿಯಾ ಬರುತ್ತದೆ. ಆಮ್ಲಜನಕ ಉಸಿರಾಡುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ಸಾಮಾನ್ಯ ಫಿಲ್ಟರ್‌ಗಳ ಕೆಲಸ ಇಲ್ಲಿಗೆ ಮುಗಿಯಿತು. ಮುಂದಿನ ಹೆಜ್ಜೆಗೆ ಆಮ್ಲಜನಕ ಇಲ್ಲದ ಜಾಗ ಬೇಕು. ಅಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕ ಸಿಗದಾಗ ನೈಟ್ರೇಟನ್ನೇ ಉಸಿರಾಟಕ್ಕೆ ಬಳಸಿಕೊಳ್ಳುತ್ತವೆ. ನೈಟ್ರೇಟ್ ಹಂತ ಹಂತವಾಗಿ ಸಾರಜನಕ ಅನಿಲವಾಗಿ ಗುಳ್ಳೆಯ ರೂಪದಲ್ಲಿ ಹೊರಗೆ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ ಸ್ವಲ್ಪ ಸಾವಯವ ಇಂಗಾಲವೂ ಬೇಕು. ಅದು ಮರಳಿನ ಹುಳುಗಳ ಹಿಕ್ಕೆಯಿಂದ, ನೀರಿನಲ್ಲಿ ಕರಗಿದ ಸಾವಯವ ವಸ್ತುಗಳಿಂದ ಸಿಗುತ್ತದೆ.

ಸಣ್ಣ ಮರಳಿನಲ್ಲಿ ಆಮ್ಲಜನಕ ಮೇಲಿನ ಕೆಲವು ಮಿಲಿಮೀಟರ್‌ನಿಂದ ಎರಡು ಮೂರು ಸೆಂಟಿಮೀಟರ್‌ವರೆಗಷ್ಟೇ ಇಳಿಯುತ್ತದೆ. ಅದರ ಕೆಳಗಿನ ಪದರವೇ ನಮಗೆ ಬೇಕಾದದ್ದು. ಇನ್ನೂ ಕೆಳಗೆ, ನೈಟ್ರೇಟೂ ತೀರಿಹೋದ ಕಡೆ, ಬೇರೆ ಬ್ಯಾಕ್ಟೀರಿಯಾಗಳು ಕಡಲ ನೀರಿನಲ್ಲಿ ಹೇರಳವಾಗಿರುವ ಸಲ್ಫೇಟನ್ನು ಬಳಸಿ ಹೈಡ್ರೋಜನ್ ಸಲ್ಫೈಡ್ ತಯಾರಿಸುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಅದು. ತಳದಲ್ಲಿ ಅಷ್ಟೋ ಇಷ್ಟೋ ಹುಟ್ಟುವುದು ಸಹಜ. ಹಾಸನ್ನು ಯಾರೂ ಕೆದಕದಿದ್ದರೆ ಅದು ಮೇಲೆ ಬರುವ ದಾರಿಯಲ್ಲೇ ಆಮ್ಲಜನಕದೊಡನೆ ಸೇರಿ ನಿರಪಾಯವಾಗುತ್ತದೆ.

ಮರಳಿನಿಂದ ನೈಟ್ರೇಟ್ ಇಳಿಸುವ ಈ ದಾರಿಯನ್ನು ಅಕ್ವೇರಿಯಂ ಲೋಕಕ್ಕೆ ದೊಡ್ಡದಾಗಿ ತೋರಿಸಿದವರು ಫ್ರಾನ್ಸಿನ ವಿಜ್ಞಾನಿ ಜಾನ್ ಜೋಬೇರ್. ಅವರ ವಿಧಾನದಲ್ಲಿ ಮರಳಿನ ಕೆಳಗೆ ಜಾಲರಿಯಿಟ್ಟು ನೀರಿನ ಖಾಲಿ ಜಾಗ ಬಿಡುತ್ತಿದ್ದರು. ಅದಕ್ಕೆ ಪ್ಲೀನಂ ಎಂದು ಹೆಸರು. ಆ ಖಾಲಿ ಜಾಗವಿಲ್ಲದೆ, ಸಣ್ಣ ಮರಳು ಮತ್ತು ಅದರೊಳಗಿನ ಜೀವಿಗಳಿಂದಲೇ ಕೆಲಸ ತೆಗೆಯುವ ಹಾಸನ್ನು ಅಮೆರಿಕದ ಪ್ರಾಣಿವಿಜ್ಞಾನಿ ರಾನ್ ಶಿಮೆಕ್ ಜನಪ್ರಿಯಗೊಳಿಸಿದರು. ಇಲ್ಲಿ ಹೇಳುತ್ತಿರುವುದು ಈ ಎರಡನೆಯದನ್ನು.

ಮೊದಲು ಅಳತೆ ಸರಿಯಿದೆಯೇ ನೋಡಿ

ಕೆಲವು ಟೆಸ್ಟ್ ಕಿಟ್‌ಗಳು ನೈಟ್ರೇಟನ್ನು ತೋರಿಸುತ್ತವೆ, ಕೆಲವು ನೈಟ್ರೇಟ್-ಸಾರಜನಕವನ್ನು. ಎರಡನೆಯ ಬಗೆಯದಾದರೆ ಬಂದ ಅಂಕಿಯನ್ನು 4.4ರಿಂದ ಗುಣಿಸಬೇಕು. ನೀರಿನಲ್ಲಿ ನೈಟ್ರೈಟ್ ಇದ್ದರೆ ನೈಟ್ರೇಟ್ ಅಂಕಿ ಸುಳ್ಳೇ ಹೆಚ್ಚು ತೋರಿಸುತ್ತದೆ. ಹಾಗಾಗಿ ಹೊಸ ಟ್ಯಾಂಕಿನ ನೈಟ್ರೇಟ್ ಅಂಕಿಯನ್ನು ನಂಬಿ ಓಡಾಡಬೇಡಿ. ಮೂರು ವಾರ, ವಾರಕ್ಕೊಂದು ಸಲ, ಅದೇ ಕಿಟ್‌ನಲ್ಲಿ ಅಳೆದು ಬರೆದಿಡಿ. ಮುಂದೆ ಹಾಸು ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂದು ಹೇಳುವುದು ಈ ಪಟ್ಟಿಯೇ.

ಎಷ್ಟಕ್ಕೆ ಇಳಿಸಬೇಕು? ಮೀನುಗಳಷ್ಟೇ ಇರುವ ಟ್ಯಾಂಕಿಗೆ 20ರ ಆಸುಪಾಸು ಸಾಕು. ಮೃದು ಹವಳಗಳಿಗೆ 5ರಿಂದ 15 ಹಿತ. ಗಟ್ಟಿ ಹವಳಗಳಿಗೆ 2ರಿಂದ 10. ಸೊನ್ನೆ ಯಾರಿಗೂ ಬೇಡ. ನೈಟ್ರೇಟ್, ಫಾಸ್ಫೇಟ್ ಎರಡೂ ಪೂರ್ತಿ ಬತ್ತಿದ ಟ್ಯಾಂಕಿನಲ್ಲಿ ಹವಳ ಬಿಳಿಚಿಕೊಳ್ಳುತ್ತದೆ, ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳ ಕಂದು ಲೋಳೆ ಬರುವ ಅಪಾಯವೂ ಇದೆ.

ಇನ್ನೊಂದು ಮಾತು. ಅತಿಯಾಗಿ ಆಹಾರ ಹಾಕುವುದು, ತಿಂಗಳಾನುಗಟ್ಟಲೆ ತೊಳೆಯದ ಸ್ಪಂಜು, ಆರ್‌ಓ ಘಟಕದ ಹಳೆಯ ಫಿಲ್ಟರ್‌ಗಳಿಂದ ಬರುವ ನೈಟ್ರೇಟ್, ಇವನ್ನು ಸರಿಪಡಿಸದೆ ಮರಳು ತರಲು ಹೋಗಬೇಡಿ.

ಗಾತ್ರ ಮತ್ತು ಜಾಗ

ಇಲ್ಲಿ ಲೆಕ್ಕಕ್ಕೆ ಬರುವುದು ಲೀಟರಿಗಿಂತ ಹೆಚ್ಚಾಗಿ ಮರಳಿನ ವಿಸ್ತೀರ್ಣ. ನೈಟ್ರೇಟ್ ಮರಳಿನೊಳಗೆ ಇಳಿಯುವುದು ಮೇಲ್ಮೈ ಮೂಲಕ. ಉದ್ದ, ಅಗಲ ಹೆಚ್ಚಿದ್ದಷ್ಟೂ ಒಳ್ಳೆಯದು. ಕಿರಿದಾದ ಎತ್ತರದ ಪೆಟ್ಟಿಗೆಯಲ್ಲಿ 30 ಸೆಂಟಿಮೀಟರ್ ಮರಳು ತುಂಬಿದರೆ ಆಳ ಸಿಗುತ್ತದೆ, ಕೆಲಸ ಸಿಗುವುದಿಲ್ಲ. ಮುಖ್ಯ ಟ್ಯಾಂಕಿನ ತಳದ ಮೂರನೇ ಒಂದು ಭಾಗದಷ್ಟಾದರೂ ವಿಸ್ತೀರ್ಣ ಸಿಗುವಂತೆ ನೋಡಿಕೊಳ್ಳಿ. ಅದಕ್ಕಿಂತ ಚಿಕ್ಕದಾದರೆ ನೆರವಾಗುತ್ತದೆ, ಭಾರ ಪೂರ್ತಿ ಹೊರುವುದಿಲ್ಲ.

ಸುಮಾರು 300 ಲೀಟರಿನ ಟ್ಯಾಂಕಿಗೆ 60 ಸೆಂಟಿಮೀಟರ್ ಉದ್ದ, 40 ಅಗಲ, 40 ಎತ್ತರದ ರೆಫ್ಯೂಜಿಯಂ ತೆಗೆದುಕೊಳ್ಳೋಣ. ಅದರಲ್ಲಿ 13 ಸೆಂಟಿಮೀಟರ್ ಮರಳು, 20 ಸೆಂಟಿಮೀಟರ್ ನೀರು, ಉಳಿದ 7 ಸೆಂಟಿಮೀಟರ್ ಖಾಲಿ. ಮರಳು 31 ಲೀಟರ್ ಆಗುತ್ತದೆ. ಒಣ ಅರಗೊನೈಟ್ (ಹವಳ, ಚಿಪ್ಪುಗಳಲ್ಲಿರುವ ಬಗೆಯ ಕ್ಯಾಲ್ಸಿಯಂ ಕಾರ್ಬೊನೇಟ್) ಮರಳು ಲೀಟರಿಗೆ ಒಂದೂವರೆ ಕೆಜಿಯಷ್ಟು ತೂಗುವುದರಿಂದ 45ರಿಂದ 50 ಕೆಜಿ ಬೇಕು. ಅದರ ಮೇಲೆ 48 ಲೀಟರ್ ನೀರು, ಮರಳಿನ ಸಂದಿಗಳಲ್ಲಿ ಇನ್ನೊಂದು 12 ಲೀಟರ್. ಗಾಜು ಬಿಟ್ಟು 110 ಕೆಜಿ ಆಯಿತು. ಸ್ಟ್ಯಾಂಡ್ ಇಷ್ಟು ಹೊರುತ್ತದೆಯೇ ಎಂದು ಮರಳು ಸುರಿಯುವ ಮೊದಲೇ ಯೋಚಿಸಿ. ಸುರಿದ ಮೇಲೆ ಜಾಗ ಬದಲಿಸುವುದು ಬಲು ಕಷ್ಟ.

ಸಂಪ್ (ಮುಖ್ಯ ಟ್ಯಾಂಕಿನ ಕೆಳಗೆ ಫಿಲ್ಟರ್, ಪಂಪ್ ಇಡುವ ತೊಟ್ಟಿ) ದೊಡ್ಡದಿದ್ದರೆ ಅದರ ನಡುವಿನ ಕೋಣೆಯಲ್ಲೇ ಹಾಸು ಮಾಡಬಹುದು. ನನ್ನ ಆಯ್ಕೆ ಪ್ರತ್ಯೇಕ ಟ್ಯಾಂಕು. ಮುಂದೆ ಏನಾದರೂ ತೊಂದರೆಯಾದರೆ ಒಂದು ಕವಾಟ ಮುಚ್ಚಿ ಅದನ್ನು ಬೇರ್ಪಡಿಸಬಹುದು, ಮುಖ್ಯ ಟ್ಯಾಂಕು ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಪ್ರತ್ಯೇಕ ಟ್ಯಾಂಕಿನಲ್ಲಿ ಹೊರಹೋಗುವ ಪೈಪು ಒಳಬರುವುದಕ್ಕಿಂತ ದಪ್ಪವಿರಲಿ. ಕರೆಂಟ್ ಹೋದಾಗ ನೀರು ಹಿಂದಕ್ಕೆ ಜಗ್ಗದಂತೆ ಒಳಬರುವ ಪೈಪಿಗೆ ನೀರಿನ ಮಟ್ಟದ ಹತ್ತಿರ ಸಣ್ಣ ತೂತು ಮಾಡಿ. ಪಂಪ್ ನಿಲ್ಲಿಸಿ ನೋಡಿ, ಸಂಪ್ ಉಕ್ಕದಿದ್ದರೆ ಮಾತ್ರ ಮುಂದುವರಿಯಿರಿ.

ಮರಳಿನ ಆಯ್ಕೆ

ಈ ಇಡೀ ಕೆಲಸದಲ್ಲಿ ಹೆಚ್ಚು ಜನ ಎಡವುವುದು ಇಲ್ಲಿ. ನನ್ನ ಮೊದಲ ಹಾಸನ್ನು ಮೂರು ನಾಲ್ಕು ಮಿಲಿಮೀಟರಿನ ಪುಡಿ ಹವಳದಿಂದ ಮಾಡಿದ್ದೆ. ನೋಡಲು ಚೆನ್ನಾಗಿತ್ತು. ಆದರೆ ಕಾಳುಗಳ ನಡುವಿನ ದೊಡ್ಡ ಸಂದಿಗಳಲ್ಲಿ ನೀರು ಸಲೀಸಾಗಿ ಓಡಾಡುತ್ತಿತ್ತು, ಆಮ್ಲಜನಕ ಆಳಕ್ಕೆ ಇಳಿಯುತ್ತಿತ್ತು. ನೀರಿನ ಜೊತೆ ಕೊಳಕೂ ಇಳಿಯಿತು. ವರ್ಷದೊಳಗೆ ಗಾಜಿನ ಪಕ್ಕ ಕಂದು ಕೆಸರಿನ ಪಟ್ಟಿ ಕಾಣಿಸಿತು, ನೈಟ್ರೇಟ್ ಇಳಿಯುವ ಬದಲು ಏರಿತ್ತು. ಕೊನೆಗೆ ಎಲ್ಲ ತೆಗೆದು ಹಾಕಬೇಕಾಯಿತು.

ಬೇಕಾದದ್ದು ಸಣ್ಣ ಸಕ್ಕರೆ ಹರಳಿನಷ್ಟು ನುಣ್ಣಗಿನ ಅರಗೊನೈಟ್ ಮರಳು. ಕಾಳಿನ ಗಾತ್ರ 0.2ರಿಂದ 1 ಮಿಲಿಮೀಟರ್, ಹೆಚ್ಚಿನ ಪಾಲು ಅರ್ಧ ಮಿಲಿಮೀಟರಿನ ಸುತ್ತಮುತ್ತ. ಕಾಳುಗಳು ದುಂಡಗಿರಲಿ, ಚೂಪು ಅಂಚು ಇದ್ದರೆ ಹುಳುಗಳಿಗೆ ಓಡಾಟ ಕಷ್ಟ. ಹಿಟ್ಟಿನಂಥ ಪುಡಿಯೂ ಬೇಡ, ಅದು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಶುದ್ಧ ಸಿಲಿಕಾ ಮರಳಿನಲ್ಲೂ ನೈಟ್ರೇಟ್ ಇಳಿಯುತ್ತದೆ. ಆದರೆ ಅರಗೊನೈಟ್ ಆಳದ, ಪಿಹೆಚ್ ಕಡಿಮೆಯಿರುವ ನೀರಿನಲ್ಲಿ ತುಸು ತುಸುವೇ ಕರಗಿ ಕ್ಯಾಲ್ಸಿಯಂ ಮತ್ತು ಕ್ಷಾರೀಯತೆ ಕೊಡುತ್ತದೆ ಎಂಬ ಕಾರಣಕ್ಕೆ ನಾನು ಅದನ್ನೇ ಆರಿಸುತ್ತೇನೆ. ಆ ಕೊಡುಗೆ ಚಿಕ್ಕದು, ಅದನ್ನೇ ನಂಬಿ ಹವಳಗಳ ಡೋಸಿಂಗ್ ನಿಲ್ಲಿಸಬೇಡಿ.

ಆಳ ಎಷ್ಟು? 10 ಸೆಂಟಿಮೀಟರಿಗಿಂತ ಕಡಿಮೆ ಬೇಡ, 15 ದಾಟಬೇಕಿಲ್ಲ. ಐದಾರು ಸೆಂಟಿಮೀಟರಿನ ಹಾಸು ಎರಡಕ್ಕೂ ಸಲ್ಲದ್ದು. ನೈಟ್ರೇಟ್ ಇಳಿಸುವಷ್ಟು ಆಳವಿಲ್ಲ, ಸುಲಭವಾಗಿ ಗುಡಿಸಿ ತೊಳೆಯುವಷ್ಟು ತೆಳುವೂ ಅಲ್ಲ.

ಮರಳು ಸುರಿಯುವ ಕ್ರಮ

ಒಣ ಮರಳನ್ನು ಬಕೆಟಿನಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ಕೈಯಾಡಿಸಿ, ಹಾಲಿನಂತೆ ಬರುವ ನೀರನ್ನು ಬಸಿಯಿರಿ. ಮೂರು ನಾಲ್ಕು ಸಲ ಸಾಕು. ನೀರು ಪೂರ್ತಿ ತಿಳಿಯಾಗುವವರೆಗೆ ತೊಳೆದರೆ ಸಣ್ಣ ಕಾಳುಗಳೆಲ್ಲ ಕೊಚ್ಚಿಹೋಗುತ್ತವೆ, ನಮಗೆ ಬೇಕಾದವು ಅವೇ. ಕೊನೆಯ ಸಲ ಆರ್‌ಓ ನೀರಿನಲ್ಲಿ ತೊಳೆಯಿರಿ.

ಪಂಪ್ ಜೋಡಿಸುವ ಮೊದಲು, ಖಾಲಿ ರೆಫ್ಯೂಜಿಯಂನಲ್ಲೇ ಒದ್ದೆ ಮರಳನ್ನು ಹರಡಿ. ಮಟ್ಟ ಮಾಡಿ, ಒತ್ತಬೇಡಿ. ಮೇಲೊಂದು ತಟ್ಟೆಯಿಟ್ಟು, 35 ಪಿಪಿಟಿ (ಕಿಲೋ ನೀರಿಗೆ 35 ಗ್ರಾಂ) ಉಪ್ಪಿನಂಶಕ್ಕೆ ಹದಮಾಡಿದ ನೀರನ್ನು ತಟ್ಟೆಯ ಮೇಲೆ ನಿಧಾನ ಸುರಿಯಿರಿ. ಹೀಗೆ ಮಾಡಿದರೆ ಹಾಸಿನಲ್ಲಿ ಹೊಂಡ ಬೀಳುವುದಿಲ್ಲ. ಎರಡು ದಿನ ಮುಖ್ಯ ಟ್ಯಾಂಕಿಗೆ ಜೋಡಿಸದೆ ಬಿಡಿ, ಮಬ್ಬು ತಳ ಸೇರುತ್ತದೆ. ನೀರು ತಿಳಿಯಾಗಿ, ತಾಪಮಾನ 25, 26 ಡಿಗ್ರಿಗೆ ಬಂದು, ಅಮೋನಿಯಾ ಸೊನ್ನೆ ಎಂದು ಖಚಿತವಾದ ಮೇಲೆ ಪಂಪ್ ಹಚ್ಚಿ. ಹಳೆಯ ಟ್ಯಾಂಕಿಗೆ ಮರಳು ಸೇರಿಸುವವರು ಮರಳನ್ನು ನೇರ ನೀರಿಗೆ ಸುರಿಯದೆ, ದಪ್ಪ ಪೈಪಿನೊಳಗೆ ಇಳಿಸಿ ತಳಕ್ಕೆ ತಲುಪಿಸಬೇಕು.

ನೀರಿನ ಹರಿವು ಗಂಟೆಗೆ ರೆಫ್ಯೂಜಿಯಂನ ನೀರಿನ ಐದು ಪಟ್ಟು ಇರಲಿ. ನಮ್ಮ ಉದಾಹರಣೆಯಲ್ಲಿ ಅದು 300 ಲೀಟರ್. ಒಳಬರುವ ಪೈಪಿನ ಬಾಯಿ ಮರಳಿನ ಕಡೆಗೆ ತಿರುಗಿರಬಾರದು. ರೆಫ್ಯೂಜಿಯಂಗೆ ಬರುವ ನೀರು ಫಿಲ್ಟರ್ ಸಾಕ್ (ಕೊಳಕು ಸೋಸುವ ಬಟ್ಟೆಯ ಚೀಲ) ದಾಟಿ ಬರಬೇಕು, ಆ ಸಾಕನ್ನು ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸಬೇಕು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು ಕಂಡ ಕೆಟ್ಟ ಹಾಸುಗಳಲ್ಲಿ ಹೆಚ್ಚಿನವು ಕೆಟ್ಟದ್ದು ವಯಸ್ಸಾಗಿ ಅಲ್ಲ, ಮೇಲಿನಿಂದ ದಿನವೂ ಬಿದ್ದ ಕೊಳಕಿನಿಂದ.

ಇನ್ನೊಂದು ಸಣ್ಣ ಕೆಲಸ: ಮರಳಿನ ಮಟ್ಟದವರೆಗೆ ಗಾಜಿನ ಹೊರಬದಿಗೆ ಕಪ್ಪು ಹಾಳೆ ಅಂಟಿಸಿ. ಬೆಳಕು ಪಕ್ಕದಿಂದ ಮರಳಿಗೆ ಬಿದ್ದರೆ ಗಾಜಿಗೆ ಹತ್ತಿ ಪಾಚಿ ಬೆಳೆದು, ಆಮ್ಲಜನಕ ಬೇಡವಾದ ಕಡೆಯೇ ಆಮ್ಲಜನಕ ಬಿಡುತ್ತದೆ. ಒಂದು ಕಡೆ ಅಂಗೈಯಗಲ ಜಾಗದಲ್ಲಿ ಹಾಳೆಯನ್ನು ಎತ್ತಿ ನೋಡುವಂತೆ ಬಿಟ್ಟುಕೊಳ್ಳಿ.

ಜೀವ ತುಂಬುವುದು

ಒಣ ಮರಳಿಗೆ ಬೀಜ ಬೇಕು. ಚೆನ್ನಾಗಿ ನಡೆಯುತ್ತಿರುವ, ರೋಗವಿಲ್ಲದ ಎರಡು ಮೂರು ಟ್ಯಾಂಕುಗಳಿಂದ ಮೇಲ್ಪದರದ ಮರಳನ್ನು ಒಂದೊಂದು ಕಪ್ ತಂದು ಹರಡಿ. ಬ್ಯಾಕ್ಟೀರಿಯಾ ಹೇಗಿದ್ದರೂ ಬರುತ್ತವೆ. ಮುಖ್ಯವಾದದ್ದು ಅದರ ಜೊತೆ ಬರುವ ಸಣ್ಣ ಹುಳುಗಳು, ಸೀಗಡಿಯ ಬಳಗದ ಪುಟ್ಟ ಜೀವಿಗಳಾದ ಕೋಪೆಪಾಡ್‌ಗಳು, ಆಂಫಿಪಾಡ್‌ಗಳು, ನಕ್ಷತ್ರಮೀನಿನ ಹತ್ತಿರದ ಬಂಧುಗಳಾದ ಪುಟ್ಟ ಬ್ರಿಟಲ್ ಸ್ಟಾರ್‌ಗಳು. ಇವು ಮರಳಿನಲ್ಲಿ ಕೂದಲೆಳೆಯಂಥ ಸುರಂಗ ಕೊರೆದು ನೀರನ್ನು ನಿಧಾನವಾಗಿ ಒಳಕ್ಕೆ ಎಳೆಯುತ್ತವೆ. ಈ ಓಡಾಟ ನಿಂತರೆ ಹಾಸು ಹೆಪ್ಪುಗಟ್ಟುತ್ತದೆ. ನಸೇರಿಯಸ್ ಮತ್ತು ಸೆರಿತ್ ಬಸವನಹುಳುಗಳನ್ನು ನಾಲ್ಕಾರು ಬಿಡಬಹುದು.

ಬಿಡಬಾರದವು: ಮರಳು ಜಾಲಿಸುವ ನಕ್ಷತ್ರಮೀನು, ಮರಳು ಜಾಲಿಸುವ ಗೋಬಿ ಮೀನು. ಆ ನಕ್ಷತ್ರಮೀನು ಹಾಸಿನ ಹುಳುಗಳನ್ನೇ ತಿಂದು ಮುಗಿಸಿ, ಆಮೇಲೆ ತಾನೂ ಹಸಿವಿನಿಂದ ಸಾಯುತ್ತದೆ. ಮೀನಿನ ರೋಗಕ್ಕೆ ತಾಮ್ರದ ಔಷಧಿಯನ್ನು ಈ ವ್ಯವಸ್ಥೆಯಲ್ಲಿ ಸುತಾರಾಂ ಬಳಸಕೂಡದು. ಮೀನನ್ನು ಬೇರೆ ಟ್ಯಾಂಕಿಗೆ ಹಾಕಿ ಉಪಚರಿಸಿ.

ಪಾಚಿ ಮತ್ತು ಬೆಳಕು

ಮರಳು ಹದವಾಗುವವರೆಗೆ ನೈಟ್ರೇಟಿನ ಭಾರ ಹೊರುವುದು ಪಾಚಿಯೇ. ಕೀಟೊಮಾರ್ಫಾ ಎಲ್ಲರಿಗೂ ಒಗ್ಗುತ್ತದೆ. ಹಸಿರು ನೈಲಾನ್ ದಾರದ ಉಂಡೆಯಂತಿರುವ ಇದು ಬೇರು ಬಿಡುವುದಿಲ್ಲ, ಕೈಯಲ್ಲಿ ಎತ್ತಿ ತೆಗೆಯಬಹುದು. ಕಾಲರ್ಪಾ ವೇಗವಾಗಿ ಬೆಳೆಯುತ್ತದಾದರೂ ಮರಳಿಗೆ ಬೇರಿನಂಥ ಎಳೆ ಇಳಿಸುತ್ತದೆ, ಕೀಳಲು ಹೋದರೆ ಹಾಸು ಕದಡುತ್ತದೆ. ಜೊತೆಗೆ ಕೆಲವೊಮ್ಮೆ ಸಂತಾನೋತ್ಪತ್ತಿಗೆ ಹೊರಟು ರಾತ್ರೋರಾತ್ರಿ ಬಿಳಿಚಿ ಕರಗಿ, ಹೀರಿದ್ದನ್ನೆಲ್ಲ ನೀರಿಗೆ ಬಿಡುತ್ತದೆ.

ದೀಪವನ್ನು ಮುಖ್ಯ ಟ್ಯಾಂಕಿನ ದೀಪ ಆರಿದ ಮೇಲೆ ಹಚ್ಚಿ, 12ರಿಂದ 14 ಗಂಟೆ ಉರಿಸಿ. ರಾತ್ರಿ ಪಿಹೆಚ್ ಕುಸಿಯುವುದು ಇದರಿಂದ ತಗ್ಗುತ್ತದೆ. ಉಂಡೆ ಮರಳಿನ ಮೇಲೆ ಕವುಚಿ ಕೂರದಿರಲಿ, ಕೆಳಗೆ ಎರಡು ಬೆರಳಿನಷ್ಟಾದರೂ ಜಾಗವಿರಲಿ. ಎರಡು ವಾರಕ್ಕೊಮ್ಮೆ ಮೂರನೇ ಒಂದು ಭಾಗ ಕಿತ್ತು ಹೊರಹಾಕಿ. ಪಾಚಿ ಹೀರಿದ ನೈಟ್ರೇಟ್ ಟ್ಯಾಂಕಿನಿಂದ ನಿಜಕ್ಕೂ ಹೊರಹೋಗುವುದು ಆಗಲೇ.

ಮರಳಹಾಸು ಫಾಸ್ಫೇಟನ್ನು ಹೊರಹಾಕುವುದಿಲ್ಲ. ಅರಗೊನೈಟ್ ಅದನ್ನು ಮೇಲ್ಮೈಯಲ್ಲಿ ಹಿಡಿದಿಟ್ಟುಕೊಂಡು ವರ್ಷಗಳ ನಂತರ ಬಿಡಲೂಬಹುದು. ಫಾಸ್ಫೇಟಿಗೆ ಪಾಚಿಯ ಕೊಯ್ಲೇ ದಾರಿ.

ಕಾಯುವ ತಿಂಗಳುಗಳು

ಮೊದಲ ತಿಂಗಳು ಮರಳಿನ ಮೇಲೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಕಂದು ಪೊರೆ ಬರುತ್ತದೆ. ತಾನಾಗಿ ಹೋಗುತ್ತದೆ, ಕೆರೆಯಬೇಡಿ. ಎರಡನೇ ತಿಂಗಳಿಗೆ ಹಾಳೆಯ ಕಿಟಕಿ ಎತ್ತಿ, ರಾತ್ರಿ, ಮಂದ ಟಾರ್ಚ್ ಹಿಡಿದು ನೋಡಿ. ಗಾಜಿಗೆ ಅಂಟಿದಂತೆ ಸುರಂಗಗಳು, ಅವುಗಳಲ್ಲಿ ಕೆಂಪು ದಾರದಂಥ ಹುಳು ಬೆಳಕು ಬಿದ್ದೊಡನೆ ಸರಕ್ಕನೆ ಹಿಂದೆ ಸರಿಯುವುದು, ಸಾಸಿವೆಗಿಂತ ಚಿಕ್ಕ ಕೋಪೆಪಾಡ್‌ಗಳು ಕಾಳಿನಿಂದ ಕಾಳಿಗೆ ಜಿಗಿಯುವುದು. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಮೂರರಿಂದ ಆರು ತಿಂಗಳೊಳಗೆ ಕೆಳಪದರದಲ್ಲಿ ಸಣ್ಣ ಗುಳ್ಳೆಗಳು ಕಾಣತೊಡಗುತ್ತವೆ. ಹಾಳೆ ಮುಚ್ಚಿದ, ಬೆಳಕು ಬೀಳದ ಕಡೆಯೂ ಗುಳ್ಳೆ ಇದ್ದರೆ ಅದು ಸಾರಜನಕ ಇರಬೇಕು. ನೈಟ್ರೇಟ್ ಪಟ್ಟಿಯ ಅಂಕಿಗಳೂ ಆ ಹೊತ್ತಿಗೆ ಇಳಿಯತೊಡಗಿದ್ದರೆ ಹಾಸು ಕೆಲಸಕ್ಕೆ ಬಂದಿದೆ. ಈ ಅವಧಿಯಲ್ಲಿ ಹೊಸ ಮೀನು ಸೇರಿಸುವುದನ್ನು ಮುಂದೂಡಿ, ನೀರು ಬದಲಾವಣೆ ಎಂದಿನಂತೆ ನಡೆಯಲಿ.

ಎಡವಟ್ಟಾದಾಗ

ಗಾಜಿನ ಪಕ್ಕ ಆಳದಲ್ಲಿ ಅಲ್ಲಲ್ಲಿ ಕಪ್ಪು ಕಲೆ ಕಂಡರೆ ಗಾಬರಿ ಬೇಡ. ಅದು ಕಬ್ಬಿಣದ ಸಲ್ಫೈಡ್, ಆಳದಲ್ಲಿ ಸಹಜ. ಆದರೆ ಕಪ್ಪು ಮೇಲೇರಿ ಮೇಲ್ಮೈಗೆ ಎರಡು ಸೆಂಟಿಮೀಟರ್ ಹತ್ತಿರ ಬಂದಿದ್ದರೆ, ನೀರಿಗೇ ಮೊಟ್ಟೆಯ ವಾಸನೆ ಹತ್ತಿದ್ದರೆ, ಮೇಲಿನಿಂದ ಕೊಳಕು ಹೆಚ್ಚು ಬೀಳುತ್ತಿದೆ ಅಥವಾ ಹುಳುಗಳು ಕಡಿಮೆಯಾಗಿವೆ. ಸಾಕ್ ನೋಡಿ, ಹರಿವು ಸ್ವಲ್ಪ ಹೆಚ್ಚಿಸಿ, ಮೇಲೆ ಕೂತ ಕೊಳಕನ್ನು ಸಣ್ಣ ಕೊಳವೆಯಿಂದ ಹೀರಿ ತೆಗೆಯಿರಿ, ಹೊಸದಾಗಿ ಒಂದೆರಡು ಕಪ್ ಜೀವಂತ ಮರಳು ಸೇರಿಸಿ. ವಾಸನೆ ಬರುತ್ತಿರುವಷ್ಟು ದಿನ ಕವಾಟ ಮುಚ್ಚಿ ರೆಫ್ಯೂಜಿಯಂ ಬೇರೆಯಿಡಿ. ಕೆದಕಲು ಮಾತ್ರ ಕೈ ಹಾಕಬೇಡಿ.

ಮೇಲೆ ಕೆಂಪು ಸಯನೋಬ್ಯಾಕ್ಟೀರಿಯಾದ ಪೊರೆ ಬಂದರೆ ಹರಿವು ಸಾಲದು ಅಥವಾ ಫಾಸ್ಫೇಟ್ ಹೆಚ್ಚಿದೆ. ಪಾಚಿ ಬೆಳೆಯದೆ ಬಿಳಿಚಿದರೆ, ನೈಟ್ರೇಟ್ ಅಥವಾ ಫಾಸ್ಫೇಟ್ ಎರಡರಲ್ಲೊಂದು ಸೊನ್ನೆಗೆ ಇಳಿದಿದೆಯೇ ಅಳೆಯಿರಿ. ಎರಡೂ ಇದ್ದರೆ ಕಬ್ಬಿಣದ ಕೊರತೆಯ ಕಡೆ ನೋಡಿ.

ಆರು ತಿಂಗಳಾದರೂ ನೈಟ್ರೇಟ್ ಇಳಿಯದಿದ್ದರೆ ಹಾಸು ಕೆಟ್ಟಿದೆ ಎಂದುಕೊಳ್ಳುವ ಮುನ್ನ ವಿಸ್ತೀರ್ಣ ಲೆಕ್ಕ ಹಾಕಿ. ಏರುತ್ತಿದ್ದದ್ದು ಏರುವುದು ನಿಂತಿದ್ದರೆ ಅದು ತನ್ನ ಪಾಲಿನ ಕೆಲಸ ಮಾಡುತ್ತಿದೆ, ನಿಮ್ಮ ಮೀನುಗಳಿಗೆ ಅದು ಸಾಲುತ್ತಿಲ್ಲ ಅಷ್ಟೇ.

ತೆಗೆಯಬೇಕಾಗಿ ಬಂದರೆ

ಮನೆ ಬದಲಾವಣೆಗೋ, ಕೊಳಕು ತುಂಬಿದ್ದಕ್ಕೋ ಹಾಸನ್ನು ತೆಗೆಯಬೇಕಾಗಬಹುದು. ನೀರು ಓಡುತ್ತಿರುವಾಗ ಎಂದೂ ಮುಟ್ಟಬೇಡಿ, ಆಳದ ಸಲ್ಫೈಡ್ ಮತ್ತು ಕೊಳಕು ಒಮ್ಮೆಲೇ ಮುಖ್ಯ ಟ್ಯಾಂಕಿಗೆ ನುಗ್ಗಿದರೆ ಮೀನುಗಳನ್ನು ಉಳಿಸಿಕೊಳ್ಳುವುದು ಕಷ್ಟ. ಮೊದಲು ಕವಾಟ ಮುಚ್ಚಿ. ಮೇಲಿನ ಎರಡು ಸೆಂಟಿಮೀಟರ್ ಮರಳನ್ನು ಲೋಟದಿಂದ ಮೆಲ್ಲಗೆ ಕೆನೆಯಂತೆ ಎತ್ತಿ, ಟ್ಯಾಂಕಿನ ನೀರಿರುವ ಬಕೆಟಿಗೆ ಹಾಕಿ ಗಾಳಿಕಲ್ಲು ಬಿಡಿ. ಹುಳುಗಳೆಲ್ಲ ಹೆಚ್ಚಾಗಿ ಇರುವುದು ಅಲ್ಲೇ. ಉಳಿದ ಮರಳನ್ನು, ಕಿಟಕಿ ತೆರೆದಿಟ್ಟು, ಪೂರ್ತಿ ಹೊರಹಾಕಿ. ಅದರ ನೀರಿನ ಒಂದು ಹನಿಯೂ ಮರಳಿ ಟ್ಯಾಂಕಿಗೆ ಬೇಡ. ಗಾಜು ತೊಳೆದು, ಹೊಸ ಮರಳು ಹರಡಿ, ತಿಳಿಯಾದ ಮೇಲೆ ಬಕೆಟಿನಲ್ಲಿ ಉಳಿಸಿದ್ದನ್ನು ಮೇಲೆ ಚೆಲ್ಲಿ. ಹೊಸ ಹಾಸಿಗೆ ಬೀಜ ಅದೇ.